ಕಿತ್ತಳೆ ಷಡ್ಜ

ಜುಲೈ 14, 2025, ಸೋಮವಾರ
ಶಿವಮೊಗ್ಗ

ಬೆಳಗಿನಿಂದ ಒಂದೇ ಸಮ ಮಳೆ. ಹೊಸಹಳ್ಳಿಗೆ ಸಂಗೀತದ ಪಾಠಕ್ಕೆ ಹೋಗಲಾಗಲಿಲ್ಲ. ಮಧ್ಯಾಹ್ನವೆಲ್ಲ ಒಂದೇ ಚಿತ್ರ ನೋಡುತ್ತಾ ಕೂತೆ. ಅಮೆರಿಕದ ಚಿತ್ರಕಾರ ಮಾರ್ಗನ್ ರಸೆಲ್ ಅವರ 'ಸಿಂಕ್ರೊಮಿ ಇನ್ ಆರೆಂಜ್: ಟು ಫಾರ್ಮ್'. 1913–14ರದ್ದು, 11 ಅಡಿಗೂ ಜಾಸ್ತಿ ಎತ್ತರ. ಈಗ ಅಮೆರಿಕದ ಬಫಲೋ ಊರಿನ ಮ್ಯೂಸಿಯಂನಲ್ಲಿದೆ.

ಚಿತ್ರದಲ್ಲಿ ಇಂಥದ್ದು ಅಂತ ಗುರುತಿಸುವ ವಸ್ತುವೇ ಸಿಗುವುದಿಲ್ಲ. ಬರೀ ಬಣ್ಣದ ತುಂಡುಗಳು, ಬಾಗಿದವು, ಚೂಪಾದವು. ಕಿತ್ತಳೆ, ಹಳದಿ ಮುಂದೆ ಬರುತ್ತವೆ, ನೀಲಿ, ನೇರಳೆ ಹಿಂದೆ ಸರಿಯುತ್ತವೆ. ಅಷ್ಟರಿಂದಲೇ ಒಂದು ಮೈ ತಿರುಗಿದಂತೆ ಕಾಣುತ್ತದೆ.

ರಸೆಲ್ ಮತ್ತು ಅವರ ಗೆಳೆಯ ಮ್ಯಾಕ್‌ಡೊನಾಲ್ಡ್-ರೈಟ್ ಪ್ಯಾರಿಸ್‌ನಲ್ಲಿ ಟ್ಯೂಡರ್-ಹಾರ್ಟ್ ಎಂಬ ಗುರುಗಳ ಹತ್ತಿರ ಕಲಿತವರು. ಸ್ವರಗಳ ಹಾಗೆ ಬಣ್ಣಗಳನ್ನೂ ಲೆಕ್ಕ ಹಿಡಿದು ಆರಿಸಬೇಕು ಅನ್ನುವುದು ಆ ಗುರುಗಳ ಪಾಠ. ಬಣ್ಣದ ಚಕ್ರದಲ್ಲಿ ಹನ್ನೆರಡು ಬಣ್ಣ. ನಮ್ಮಲ್ಲೂ ಹನ್ನೆರಡು ಸ್ವರಸ್ಥಾನ ಅಲ್ವಾ?

ಕಲರ್ ಪೆನ್ಸಿಲ್ ತಗೊಂಡು ಕೂತೆ. ಕಿತ್ತಳೆಯನ್ನೇ ಷಡ್ಜ, ಅಂದರೆ ಮೊದಲ ಸ್ವರ 'ಸ' ಮಾಡಿ, ಅದರ ಪಕ್ಕದ ಮನೆಯಿಂದ ಹಳದಿಯ ಕಡೆಗೆ ಎಣಿಸಿದೆ. ಎರಡನೇ ಮನೆ ಹಳದಿ, ಅದು ರಿ. ನಾಲ್ಕನೆಯದು ಹಸಿರು, ಗ. ಏಳನೆಯದು ನೀಲಿ ಬೆರೆತ ನೇರಳೆ, ಪ. ಒಂಬತ್ತನೆಯದು ಮುರುಗಲು ಶರಬತ್ತಿನ ಬಣ್ಣ, ದ. ಮೋಹನ ರಾಗ ಸಿಕ್ಕಿತು! ಮ, ನಿ ಇಲ್ಲ. ಅಂದರೆ ಅಚ್ಚ ನೀಲಿಯೂ ಇಲ್ಲ, ಅಚ್ಚ ಕೆಂಪೂ ಇಲ್ಲ. ಆ ಎರಡನ್ನು ಬಿಟ್ಟಿದ್ದಕ್ಕೇ ಹಾಳೆಗೆ ಒಂದು ನೆಮ್ಮದಿ ಬಂದಿತ್ತು. ರಾಗದಲ್ಲಿ ವರ್ಜ್ಯ ಸ್ವರ, ಅಂದರೆ ಬಿಟ್ಟ ಸ್ವರ, ಎಷ್ಟು ಮುಖ್ಯ ಅಂತ ಸಂಗೀತದ ಮೇಡಂ ಯಾವಾಗಲೂ ಹೇಳುತ್ತಾರೆ. ಅದನ್ನು ಕಣ್ಣಲ್ಲಿ ನೋಡಿದ್ದು ಇವತ್ತು.

ಆಮೇಲೆ ಅದೇ ಐದು ಪೆನ್ಸಿಲ್ ಇಟ್ಟುಕೊಂಡು ಇನ್ನೊಂದು ಹಾಳೆ ಮಾಡಿದೆ. ಈ ಸಲ ತಳಕ್ಕೆಲ್ಲ ಹಳದಿ ತುಂಬಿ, ಕಿತ್ತಳೆಯನ್ನು ಮೂಲೆಗೆ ಇಟ್ಟೆ. ಚಿತ್ರದ ಭಾವವೇ ಬೇರೆಯಾಯಿತು. ಎರಡೂ ಹಾಳೆಯ ಫೋಟೊ ಮೇಡಂಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಏನಮ್ಮಾ, ಗ್ರಹಭೇದ ಮಾಡಿದೀಯಲ್ಲ! ಮೋಹನದ ರಿಯನ್ನೇ ಷಡ್ಜವಾಗಿ ಹಿಡಿದರೆ ಮಧ್ಯಮಾವತಿ ರಾಗ."

ಸ್ವರಗಳು ಅವೇ, ಷಡ್ಜ ಮಾತ್ರ ಬೇರೆ, ಅದೇ ಗ್ರಹಭೇದ. ಎಷ್ಟು ಖುಷಿಯಾಯಿತು!

ಒಂದು ವ್ಯತ್ಯಾಸ ಮಾತ್ರ ಇದೆ. ಬಣ್ಣಕ್ಕೆ ಮೇಲಿನ ಷಡ್ಜ ಇಲ್ಲ. ಒಂದು ಸುತ್ತು ಮುಗಿದರೆ ಮತ್ತೆ ಅದೇ ಕಿತ್ತಳೆಗೆ ಬರುತ್ತೇವೆ. ಕಣ್ಣಿಗೆ ಕಾಣುವ ಬೆಳಕಿನ ಹರವು ಒಂದು ಸ್ಥಾಯಿಯಷ್ಟೂ (ಷಡ್ಜದಿಂದ ಮೇಲಿನ ಷಡ್ಜದವರೆಗೆ) ಇಲ್ಲ. ರಸೆಲ್ ಚಿತ್ರದಲ್ಲಿ ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಕೆಲಸವನ್ನು ಬಣ್ಣದ ತಿಳಿ-ಗಾಢವೇ ಮಾಡುತ್ತದೆ ಅನಿಸುತ್ತದೆ ನನಗೆ.

ನಾಳೆ ಹಂಸಧ್ವನಿ ರಾಗ. ಮುರುಗಲು ಬಣ್ಣ ತೆಗೆದು ಕೆಂಪು ಬೆರೆತ ಕಿತ್ತಳೆ ಹಾಕಿದರೆ ಸಾಕು. ಅದು ನಿ, ಷಡ್ಜಕ್ಕೆ ಅಂಟಿಕೊಂಡೇ ಕೂರುತ್ತದೆ. ಆ ಎರಡರ ನಡುವೆ ಗೆರೆ ಎಳೆಯದೆ ಬಣ್ಣ ತುಂಬಬೇಕು.