ಹಸಿರು ಬಣ್ಣದ ಊರಲ್ಲಿ ಬ್ಯಾಗು ಹೋಯ್ತು

ನಮ್ಮ ಆಫೀಸಿನಲ್ಲಿ ಒಂದು ರಿಸ್ಕ್ ಶೀಟ್ ಇದೆ. ದೇಶದ ಹೆಸರು, ಪಕ್ಕದಲ್ಲೊಂದು ಬಣ್ಣ. ಕೆಂಪು, ಹಳದಿ, ಹಸಿರು. ನನ್ನಂಥ ಟೂರ್ ಮ್ಯಾನೇಜರ್‌ಗಳು ಯಾವ ಊರಲ್ಲಿ ಎಷ್ಟು ಹೆದರಬೇಕು ಅನ್ನೋದನ್ನು ಎಸಿ ರೂಮಲ್ಲಿ ಕೂತವರು ಅದರಲ್ಲಿ ತೀರ್ಮಾನಿಸಿರುತ್ತಾರೆ. ಒಂದೇ ವರ್ಷ ನನಗೆ ಒಂದು ಕೆಂಪು ಗ್ರೂಪ್, ಒಂದು ಹಸಿರು ಗ್ರೂಪ್ ಬಂತು. ಫೆಬ್ರವರಿಯಲ್ಲಿ ಕೊಲಂಬಿಯಾ, ಮೇ ತಿಂಗಳಲ್ಲಿ ಸ್ಪೇನ್.

ಕೊಲಂಬಿಯಾ ಅಂದಾಗ ನನ್ನ ನಿದ್ದೆ ಹಾರಿಹೋಗಿತ್ತು. 18 ಪ್ಯಾಕ್ಸ್, ಅಂದರೆ ಪ್ರಯಾಣಿಕರು, ಅರ್ಧಕ್ಕರ್ಧ ಅರವತ್ತು ದಾಟಿದವರು. ಮೆಡೆಲಿನ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಹೆಸರು, ಡ್ರಗ್ಸ್ ದೊರೆ ಪಾಬ್ಲೋ ಎಸ್ಕೊಬಾರ್. ಅವನು ಸತ್ತಿದ್ದು 1993ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಆ ಊರಲ್ಲಿ ಲಕ್ಷ ಜನಕ್ಕೆ ಸುಮಾರು 380 ಕೊಲೆ ನಡೆಯುತ್ತಿದ್ದವು. ಈಚಿನ ವರ್ಷಗಳಲ್ಲಿ ಅದು 20ಕ್ಕಿಂತ ಕೆಳಗಿಳಿದಿದೆ. 1995ರಲ್ಲಿ ಮೆಟ್ರೋ ಬಂತು, 2004ರಲ್ಲಿ ಗುಡ್ಡದ ಮೇಲಿನ ಬಡಾವಣೆಗಳಿಗೆ ಕೇಬಲ್ ಕಾರ್ ಹೋಯಿತು, 2011ರಲ್ಲಿ ಕೊಮುನಾ 13 ಅನ್ನೋ ಬಡಾವಣೆಯ ಇಳಿಜಾರಿಗೆ ಎಸ್ಕಲೇಟರ್ ಹಾಕಿದರು. ಊರು ಇಷ್ಟೆಲ್ಲ ಬದಲಾದರೂ ಅದರ ಕೆಟ್ಟ ಹೆಸರು ಮಾತ್ರ ಇನ್ನೂ 1991ರಲ್ಲೇ ಕೂತಿದೆ. ನನ್ನ ತಲೆಯೂ ಅಲ್ಲೇ ಕೂತಿತ್ತು.

ಅಲ್ಲಿ ನಾನು ನಡೆದುಕೊಂಡ ರೀತಿ ನೆನೆದರೆ ಈಗ ನಗು ಬರುತ್ತದೆ. ಅರ್ಧ ಗಂಟೆಗೊಮ್ಮೆ ಹೆಡ್ ಕೌಂಟ್. ಪಾಸ್‌ಪೋರ್ಟ್‌ಗಳು ಹೋಟೆಲ್ ಸೇಫ್‌ನಲ್ಲಿ. ಬ್ಯಾಗು ಎದೆಗೆ. ಕೋಚ್ ಇಳಿಯುವಾಗ ಎಲ್ಲರಿಗಿಂತ ಮೊದಲು ನಾನು, ಕೋಳಿ ಮರಿಗಳನ್ನು ದಾಟಿಸಿದ ಹಾಗೆ. ನಮ್ಮ ಲೋಕಲ್ ಗೈಡ್ ದಿನಕ್ಕೆ ಇಪ್ಪತ್ತು ಸಲ ಒಂದೇ ಮಾತು ಹೇಳುತ್ತಿದ್ದ, 'ನೋ ದಾರ್ ಪಪಾಯಾ'. ಪಪ್ಪಾಯಿ ಕೊಡಬೇಡ, ಅಂದರೆ ಕದಿಯೋನಿಗೆ ನೀನೇ ತಟ್ಟೆಯಲ್ಲಿಟ್ಟು ಕೊಡಬೇಡ. ಯಾರಾದರೂ ರಸ್ತೆಯಲ್ಲಿ ಫೋನ್ ಹೊರಗೆ ತೆಗೆದರೆ ಸಾಕು, 'ಪಪಾಯಾ!' ಅಂತ ಕೂಗುತ್ತಿದ್ದ. ಮೂರನೇ ದಿನದ ಹೊತ್ತಿಗೆ ಗೆಸ್ಟ್‌ಗಳೇ ಒಬ್ಬರಿಗೊಬ್ಬರು ಕೂಗತೊಡಗಿದರು. ಹತ್ತು ದಿನದಲ್ಲಿ ನಾವು ಕಳೆದುಕೊಂಡಿದ್ದು ಒಂದು ಟೋಪಿ. ಅದನ್ನೂ ಗಾಳಿ ಎತ್ತಿಕೊಂಡು ಹೋಗಿದ್ದು.

ಇನ್ನು ಬಾರ್ಸಿಲೋನಾ. 22 ಪ್ಯಾಕ್ಸ್. ಏರ್‌ಪೋರ್ಟಿನಿಂದ ಹೊರಟ ಕೋಚಿನಲ್ಲಿ ಮೈಕ್ ಹಿಡಿದು ನಾನೇ ಹೇಳಿದೆ, 'ಇದು ಯುರೋಪ್, ಆರಾಮಾಗಿರಿ.' ಈ ವಾಕ್ಯ ನೆನಪಿಟ್ಟುಕೊಳ್ಳಿ.

ಅಲ್ಲಿ ಚೆಕ್‌ಇನ್‌ಗೆ ಎಲ್ಲರ ಪಾಸ್‌ಪೋರ್ಟ್ ಬೇಕು. ರಿಸೆಪ್ಷನ್‌ನವರು ನೋಂದಾಯಿಸಿಕೊಂಡು ಒಂದೊಂದಾಗಿ ವಾಪಸ್ ಕೊಡುತ್ತಿದ್ದರು, ನಾನು ರೂಮಿನ ಕೀ ಜೊತೆ ಹಂಚುತ್ತಿದ್ದೆ. ಕೊನೆಗೆ ನಾಲ್ಕು ಉಳಿದವು. ಅವುಗಳ ಎರಡು ಜೋಡಿ ಗೆಸ್ಟ್‌ಗಳು ಕೀ ತಗೊಂಡು ಮೊದಲೇ ಮೇಲೆ ಹೋಗಿದ್ದರು. ಆಮೇಲೆ ಕೊಟ್ಟರಾಯಿತು ಅಂತ ನಾಲ್ಕನ್ನೂ ಬ್ಯಾಕ್‌ಪ್ಯಾಕ್‌ಗೆ ಹಾಕಿದೆ. ಬ್ಯಾಕ್‌ಪ್ಯಾಕ್ ನೆಲದ ಮೇಲೆ, ಸೋಫಾದ ಕಾಲಿಗೆ ಒರಗಿಸಿ. ಮೆಡೆಲಿನ್‌ನಲ್ಲಿ ಊಟಕ್ಕೆ ಕೂತಾಗಲೂ ಅದರ ಪಟ್ಟಿಯನ್ನು ಕಾಲಿಗೆ ಸುತ್ತಿಕೊಳ್ಳುತ್ತಿದ್ದ ಮನುಷ್ಯ ನಾನು.

ಸೂಟ್‌ಕೇಸ್ ಎಳೆದುಕೊಂಡು ಒಬ್ಬ ಬಂದ. ಒಳ್ಳೆ ಬಟ್ಟೆ, ಒಳ್ಳೆ ಇಂಗ್ಲಿಷ್. 'ಹೊರಗೆ ನಿಂತಿರೋ ಕೋಚ್ ಏರ್‌ಪೋರ್ಟಿಗೆ ಹೋಗುತ್ತಾ?' ಅಂತ ಕೇಳಿ ಫೋನಿನಲ್ಲಿ ಏನೋ ಮ್ಯಾಪ್ ತೋರಿಸಿದ. ನಾನು ತಿರುಗಿ ನಿಂತು, ಗಾಜಿನ ಬಾಗಿಲಿನ ಕಡೆ ಕೈ ಮಾಡಿ, ಅದು ನಮ್ಮ ಗ್ರೂಪಿನದು, ನೀವು ಆ ಕಡೆ ಹೋಗಿ ಅಂತ ವಿವರಿಸಿದೆ. ದಾರಿ ಗೊತ್ತಿಲ್ಲದವನಿಗೆ ಸಹಾಯ ಮಾಡಿದೆ ಅನ್ನೋ ಸಣ್ಣ ಖುಷಿ ಬೇರೆ. ಅವನು ಥ್ಯಾಂಕ್ಸ್ ಹೇಳಿ ಹೋದ. ವೋಚರ್ ತೆಗೆಯೋಣ ಅಂತ ಬಗ್ಗಿದೆ. ಬ್ಯಾಗಿಲ್ಲ.

ನಾನು ಇವತ್ತಿಗೂ ಹಲ್ಲು ಕಡಿಯೋದು ಅದರ ಮುಂದಿನ ಏಳೆಂಟು ನಿಮಿಷಕ್ಕೆ. ಕಳ್ಳತನ ಅನ್ನೋದು ತಲೆಗೇ ಬರಲಿಲ್ಲ. ಯಾರೋ ಗೆಸ್ಟ್ ಪಾಪ, ಸಹಾಯಕ್ಕೆ ಅಂತ ಮೇಲೆ ತಗೊಂಡು ಹೋಗಿರಬೇಕು ಅಂದುಕೊಂಡೆ. ಲಿಫ್ಟ್ ಹತ್ತಿದೆ. ರೂಮಿಂಗ್ ಲಿಸ್ಟ್ ಹಿಡಿದು ಬಾಗಿಲು ಬಾಗಿಲು ತಟ್ಟಿದೆ. 'ನನ್ನ ಬ್ಯಾಗ್ ನೋಡಿದ್ರಾ?' ಅಂತ ನಗುನಗುತ್ತಾ ಕೇಳಿದೆ. ಐದನೇ ಬಾಗಿಲಿನ ಹೊತ್ತಿಗೆ ನಗು ಒಣಗಿತ್ತು. ಕೆಳಗೆ ಬಂದು ಸಿಸಿಟಿವಿ ಕೇಳಿದೆ. ತೋಳಿನ ಮೇಲೆ ಕೋಟು ಹಾಕಿಕೊಂಡ ಇನ್ನೊಬ್ಬ ನನ್ನ ಬೆನ್ನ ಹಿಂದೆ ನಡೆದು ಬರುತ್ತಾನೆ, ಬಗ್ಗುತ್ತಾನೆ, ಕೋಟಿನ ಕೆಳಗೆ ಬ್ಯಾಗು, ಹೊರಟ. ಒಟ್ಟು 11 ಸೆಕೆಂಡ್. ಮಾನಿಟರ್‌ನಲ್ಲಿ ನಾನು ಆ ಹೊತ್ತಿಗೆ ಉತ್ಸಾಹದಿಂದ ಕೈ ಆಡಿಸುತ್ತಿದ್ದೆ. ಮೂರು ಸಲ ಹಾಕಿ ತೋರಿಸಿದರು, ಒಂದು ಸಲ ಸಾಕಿತ್ತು.

ಪಾಸ್‌ಪೋರ್ಟ್ ಹೋದ ನಾಲ್ವರಲ್ಲಿ ಮೂವರು ಸುಮ್ಮನಿದ್ದರು. ನಾಲ್ಕನೆಯವರು ವಯಸ್ಸಾದ ಮೇಡಂ. ಬೈಯಲಿಲ್ಲ. 'ಏನಪ್ಪಾ, ಆರಾಮಾಗಿರಿ ಅಂದ್ಯಲ್ಲ?' ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಪೊಲೀಸ್ ಠಾಣೆಯಲ್ಲಿ ಬೆಂಚು ತುಂಬ ನಮ್ಮಂಥವರೇ. ಬೇರೆ ಬೇರೆ ಭಾಷೆ, ಕತೆ ಒಂದೇ. ಒಬ್ಬನದು ಮೆಟ್ರೋದಲ್ಲಿ, ಒಬ್ಬಳದು ಬೀಚಿನಲ್ಲಿ, ಇಬ್ಬರದು ರಾಂಬ್ಲಾ ಬೀದಿಯಲ್ಲಿ. ದೂರು ಬರೆದುಕೊಂಡ ಯುವಕನಿಗೆ ಒಂಚೂರೂ ಆಶ್ಚರ್ಯವಿಲ್ಲ. ಹೊಡೆಯದೆ, ಬೆದರಿಸದೆ ಕದ್ದ ಮಾಲು 400 ಯೂರೋ ದಾಟದಿದ್ದರೆ ಅಲ್ಲಿ ಅದು ಸಣ್ಣ ಅಪರಾಧ, ಸಾಮಾನ್ಯವಾಗಿ ದಂಡದಲ್ಲಿ ಮುಗಿಯುತ್ತದೆ. ಕೈಗೆ ಸಿಕ್ಕವನು ಬೇಗ ಹೊರಗೆ ಬರುತ್ತಾನೆ.

ಮರುದಿನ ಬೆಳಗಿನ ರೈಲಿಗೆ ನಾಲ್ವರನ್ನೂ ಕರೆದುಕೊಂಡು ಮ್ಯಾಡ್ರಿಡ್‌ಗೆ, ರಾಯಭಾರ ಕಚೇರಿಗೆ. ಎರಡೂವರೆ ಗಂಟೆ ದಾರಿ. ಉಳಿದ 18 ಜನ ಸಗ್ರಾದಾ ಫಮಿಲಿಯಾ ಚರ್ಚ್ ನೋಡುತ್ತಿದ್ದಾಗ ಇವರು ಟೋಕನ್ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ರೈಲಿನಲ್ಲಿ ನನ್ನ ಪಕ್ಕದ ಸೀಟು ಮೇಡಂದು. ಹೋಗುವಾಗಲೂ, ಬರುವಾಗಲೂ.

ವಾಪಸ್ ಬಂದ ಮೇಲೆ ಸಿಟ್ಟಿಗೆ ಶೀಟ್ ತೆರೆದು ನೋಡಿದೆ. ಬಣ್ಣ ಹಾಕಿರುವುದು ಮುಖ್ಯವಾಗಿ ಕೊಲೆಯ ಲೆಕ್ಕದ ಮೇಲೆ. ಸ್ಪೇನ್‌ನಲ್ಲಿ ಲಕ್ಷಕ್ಕೆ ಒಂದು ಕೊಲೆಯೂ ಇಲ್ಲ, ಹಾಗಾಗಿ ಹಸಿರು. ಲೆಕ್ಕ ಸುಳ್ಳಲ್ಲ. ಆದರೆ ನನ್ನ ಗೆಸ್ಟ್‌ನನ್ನು ಬಾರ್ಸಿಲೋನಾದಲ್ಲಿ ಕೊಲ್ಲೋದು ಯಾರಿಗೆ ಬೇಕು? ಅವರಿಗೆ ಬೇಕಾದದ್ದು ಪರ್ಸು. ಕೊಲೆ ಜಾಸ್ತಿ ಇರುವ ಕಡೆಗಳಲ್ಲಿ ಸಾಯುವವರಲ್ಲಿ ಬಹುಪಾಲು ಅಲ್ಲಿನವರೇ, ಗ್ಯಾಂಗುಗಳ ನಡುವೆ ಸಿಕ್ಕಿಕೊಂಡ ಬಡಾವಣೆಗಳಲ್ಲಿ. ಜಮೈಕಾ ಹಾಗೆ. ಪ್ರವಾಸಿಗರು ಆ ಬೀದಿಗೆ ಕಾಲೇ ಇಡುವುದಿಲ್ಲ.

ದೇಶಕ್ಕೆಲ್ಲ ಒಂದೇ ಬಣ್ಣ ಬಳಿಯೋದು ಇನ್ನೊಂದು ತಮಾಷೆ. ಮೆಕ್ಸಿಕೋ ಕೆಂಪು ಅಂತ ನಮ್ಮ ಸೇಲ್ಸ್‌ನವರು ಮೆರಿಡಾಗೆ ಹೋಗಬೇಕಿದ್ದ ಒಂದು ಗ್ರೂಪನ್ನೇ ಕೈಬಿಟ್ಟರು. ಮೆರಿಡಾ ಇರುವ ಯುಕಟಾನ್ ರಾಜ್ಯದಲ್ಲಿ ಕೊಲೆಯ ದರ ಅಮೆರಿಕದ ಸರಾಸರಿಗಿಂತಲೂ ಕಡಿಮೆ. ಕೊಲೆಗಳಿಂದ ಸುದ್ದಿಯಲ್ಲಿ ಬರುವ ಟಿಹುವಾನಾ ಅಲ್ಲಿಂದ ರಸ್ತೆಯಲ್ಲಿ ನಾಲ್ಕು ಸಾವಿರ ಕಿಲೋಮೀಟರ್‌ಗೂ ದೂರ. ಅದೇ ಶೀಟಿನಲ್ಲಿ ಅಮೆರಿಕ ಹಸಿರು. 2022ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಲಕ್ಷಕ್ಕೆ 70ಕ್ಕೂ ಹೆಚ್ಚು ಕೊಲೆ ನಡೆದವು. ಶೀಟ್ ಮಾಡುವಾತನಿಗೆ ಇದನ್ನೆಲ್ಲ ಹೇಳಿದೆ. ಅವನು 'ಹಾಗಾದ್ರೆ ತಲಾ ಕಳ್ಳತನದ ಲೆಕ್ಕವನ್ನೂ ಹಾಕೋಣ' ಅಂದ. ಹಾಕಿದರೆ ವ್ಯಾಟಿಕನ್ ಕಡುಗೆಂಪು ಆಗುತ್ತದೆ. ಅಲ್ಲಿ ವಾಸ ಇರೋರು ಸಾವಿರವೂ ಇಲ್ಲ, ಬಂದು ಹೋಗೋರು ವರ್ಷಕ್ಕೆ ಲಕ್ಷಗಟ್ಟಲೆ. ಬಂದವರ ಕಳವನ್ನು ವಾಸ ಇರೋರ ಸಂಖ್ಯೆಯಿಂದ ಭಾಗಿಸಿ ನೋಡಿ.

ಪ್ಯಾರಿಸ್ ರೂಟ್ ಮಾಡುವ ಸಹೋದ್ಯೋಗಿ ನನ್ನ ಕತೆ ಕೇಳಿ ನಕ್ಕಳು. ಜೇಬುಗಳ್ಳರ ಕಾಟ ತಾಳಲಾರದೆ 2013ರಲ್ಲಿ ಲೂವ್ರ್ ಮ್ಯೂಸಿಯಂ ಸಿಬ್ಬಂದಿ, 2015ರಲ್ಲಿ ಐಫೆಲ್ ಟವರ್ ಸಿಬ್ಬಂದಿ ಕೆಲಸವನ್ನೇ ನಿಲ್ಲಿಸಿದ್ದರು. 'ಅಲ್ಲಿ ಕೆಲಸ ಮಾಡೋರೇ ಹೆದರಿ ಬಾಗಿಲು ಹಾಕಿದ್ರು, ನೀನು ಬ್ಯಾಗ್ ನೆಲದ ಮೇಲಿಡ್ತೀಯ' ಅಂದಳು.

ಹಾಗಂತ ಮೆಡೆಲಿನ್ ದೇವರ ಊರು ಅಂತ ನಾನು ಹೇಳುವುದಿಲ್ಲ. 2023ರ ಕೊನೆಯ ಎರಡು ತಿಂಗಳಲ್ಲಿ ಅಲ್ಲಿ ಎಂಟು ಅಮೆರಿಕನ್ನರು ಅನುಮಾನಾಸ್ಪದವಾಗಿ ಸತ್ತರು, ಅವುಗಳಲ್ಲಿ ಕೆಲವು ಡೇಟಿಂಗ್ ಆ್ಯಪ್‌ನಿಂದ ಶುರುವಾದ ಕತೆ. ಅಮೆರಿಕದ ರಾಯಭಾರ ಕಚೇರಿಯೇ ಎಚ್ಚರಿಕೆ ಕೊಟ್ಟಿತು. ಅಂದರೆ ರಾತ್ರಿ ಒಂಟಿಯಾಗಿ ಹೋಗುವ ಗಂಡಸಿಗೆ ಆ ಊರು ಒಂದು ಥರ, ಒಂಬತ್ತು ಗಂಟೆಗೆ ಮಾತ್ರೆ ತಗೊಂಡು ಮಲಗುವ ನನ್ನ ಗ್ರೂಪಿಗೆ ಇನ್ನೊಂದು ಥರ. ಶೀಟಿನಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

ಮೆಡೆಲಿನ್ ಗೈಡ್‌ಗೆ ನಡೆದದ್ದನ್ನೆಲ್ಲ ಮೆಸೇಜ್ ಮಾಡಿದೆ. ಉತ್ತರವಾಗಿ ಒಂದು ಫೋಟೋ ಕಳಿಸಿದ. ಕತ್ತರಿಸಿಟ್ಟ ಪಪ್ಪಾಯಿ, ತಟ್ಟೆ ಸಮೇತ.

ಕೊನೆಗೆ ಇನ್ಸಿಡೆಂಟ್ ರಿಪೋರ್ಟ್. ದೇಶ ಸ್ಪೇನ್ ಅಂದ ತಕ್ಷಣ ಹಸಿರು ತಾನಾಗೇ ತುಂಬಿಕೊಂಡಿತು. ತೀವ್ರತೆ ಅನ್ನೋ ಜಾಗದಲ್ಲಿ 'ಸಣ್ಣದು' ಬಿಟ್ಟು ಬೇರೇನೂ ಆರಿಸಲು ಬರಲಿಲ್ಲ. ನಾಲ್ಕು ಪಾಸ್‌ಪೋರ್ಟ್, ಒಂದು ಲ್ಯಾಪ್‌ಟಾಪ್, ನಾಲ್ವರ ಒಂದಿಡೀ ದಿನ, ಸಣ್ಣದು. ಕೊನೆಯ ಪ್ರಶ್ನೆ, 'ಗ್ರೂಪಿಗೆ ಸುರಕ್ಷತೆಯ ಬ್ರೀಫಿಂಗ್ ಕೊಡಲಾಗಿತ್ತೇ?' ಸ್ವಲ್ಪ ಹೊತ್ತು ಕೂತೆ. ಹೌದು ಅಂತ ಒತ್ತಿದೆ. ಕೊಟ್ಟಿದ್ದೆ ಅಲ್ವಾ, ಮೈಕ್ ಹಿಡಿದು, ಆರಾಮಾಗಿರಿ ಅಂತ.