ಉಪವಾಸದ ದಿನಗಳಲ್ಲಿ ಥೆಸಲೋನಿಕಿ

ಗ್ರೀಸಿಗೆ ಹೊರಟ ಸಸ್ಯಾಹಾರಿಗಳಿಗೆ ‘ನಿಸ್ತೀಸಿಮೊ’ ಎಂಬ ಒಂದು ಪದ ಸಾಕು ಎಂದು ನನಗೂ ಯಾರೋ ಹೇಳಿದ್ದರು. ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸದ ಕಾಲದಲ್ಲಿ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುತ್ತಾರೆ. ಆಗ ತಿನ್ನಬಹುದಾದ ಆಹಾರಕ್ಕೆ ಆ ಹೆಸರು. ಮೊಟ್ಟೆಯನ್ನೂ ಮುಟ್ಟದ ಅಮ್ಮನನ್ನು ಕರೆದುಕೊಂಡು ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇರಲಾರದು ಎಂದುಕೊಂಡು, 2025ರ ಮಾರ್ಚ್ ಕೊನೆಯ ವಾರದಲ್ಲಿ ಜರ್ಮನಿಯಿಂದ ನಾವಿಬ್ಬರೂ ಗ್ರೀಸಿನ ಥೆಸಲೋನಿಕಿ ನಗರಕ್ಕೆ ಹೋದೆವು. ಆದರೆ ಆ ಪದದ ಅರ್ಥ ನನಗೆ ಅರ್ಧ ಮಾತ್ರ ತಿಳಿದಿತ್ತು.

ಬಿಳಿ ಗೋಪುರದ ಹತ್ತಿರ, ಕಡಲಂಚಿನ ಒಂದು ಹೋಟೆಲಿನಲ್ಲಿ ಮೊದಲ ರಾತ್ರಿಯ ಊಟಕ್ಕೆ ಕುಳಿತೆವು. ಅಮ್ಮ ಮಾಂಸ ತಿನ್ನುವುದಿಲ್ಲ, ನಿಸ್ತೀಸಿಮೊ ಬೇಕು ಎಂದು ನಾನು ಹೇಳಿದಾಗ, ಬಡಿಸುವವನು ತಲೆಯಾಡಿಸಿ ಒಂದು ಅನ್ನದ ಭಕ್ಷ್ಯವನ್ನು ತೋರಿಸಿದ. ಎರಡನೆಯ ತುತ್ತಿಗೇ ಅಮ್ಮ ಚಮಚವನ್ನು ಕೆಳಗಿಟ್ಟರು. ಚಿಪ್ಪು ಬಿಡಿಸಿದ ಮಳಿಗಳು, ಅಂದರೆ ಸಮುದ್ರದ ಚಿಪ್ಪುಜೀವಿಗಳು, ಅನ್ನದಲ್ಲಿ ಬೆರೆತಿದ್ದವು. ರಕ್ತವಿಲ್ಲದ ಜೀವಿಗಳೆಂಬ ಕಾರಣಕ್ಕೆ ಮಳಿ, ಸಿಗಡಿ, ಆಕ್ಟೋಪಸ್‌ಗಳಿಗೆ ಅಲ್ಲಿನ ಉಪವಾಸದಲ್ಲಿ ನಿಷೇಧವಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಅವನ ಲೆಕ್ಕದಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಆದರೆ ಅಮ್ಮ ಆ ರಾತ್ರಿ ಮತ್ತೇನನ್ನೂ ತಿನ್ನಲಿಲ್ಲ. ಎರಡೇ ತುತ್ತಿಗೆ ಬಿಟ್ಟ ಆ ತಟ್ಟೆಗೆ ಪೂರ್ತಿ ಹಣ ಹಾಕಿದ್ದಲ್ಲದೆ, ನಾವು ಕೇಳದಿದ್ದ ಬ್ರೆಡ್ಡಿಗೂ ಬಾಟಲಿ ನೀರಿಗೂ ಸೇರಿಸಿ 41 ಯೂರೊ ಬಿಲ್ಲು ಕೊಟ್ಟರು. ಅಮ್ಮನಿಗೆ ಹೀಗಾಗಲು ನನ್ನ ಅರೆಬರೆ ತಿಳಿವಳಿಕೆಯೇ ಕಾರಣವಾಯಿತಲ್ಲ ಎಂಬ ನೋವು ಈಗಲೂ ಇದೆ.

ಆದ್ದರಿಂದ ‘ನಿಸ್ತೀಸಿಮೊ’ ಎಂದಷ್ಟೇ ಹೇಳಬೇಡಿ. ‘ಹೊರೀಸ್ ಥಲಸಿನಾ’, ಅಂದರೆ ಸಮುದ್ರದ ಪದಾರ್ಥಗಳಿಲ್ಲದೆ, ಎಂಬುದನ್ನೂ ಸೇರಿಸಿ ಹೇಳಿ. ಬ್ರೆಡ್ಡು ಬೇಡವಾದರೆ ಮೇಜಿಗೆ ಬಂದ ಕೂಡಲೇ ಹಿಂದಿರುಗಿಸಿ. ಮುದ್ರಿತ ರಸೀದಿ ಕೊಡದಿದ್ದರೆ ಗ್ರಾಹಕ ಹಣ ಕೊಡಬೇಕಾಗಿಲ್ಲ ಎಂಬ ನಿಯಮ ಆ ದೇಶದಲ್ಲಿದೆ. ರಸೀದಿಯನ್ನು ಕೇಳಿ ಪಡೆದು, ಒಂದೊಂದು ಸಾಲನ್ನೂ ನೋಡಿದ ಮೇಲೆಯೇ ಹಣ ಕೊಡಿ.

ಮರುದಿನ ಮಧ್ಯಾಹ್ನ ಕಪಾನಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮಗೆ ಒಂದು ‘ಮಾಗಿರಿಯೊ’ ಸಿಕ್ಕಿತು. ಬೆಳಿಗ್ಗೆಯೇ ಅಡುಗೆ ಮುಗಿಸಿ, ದೊಡ್ಡ ತಟ್ಟೆಗಳನ್ನು ಗಾಜಿನ ಹಿಂದೆ ಸಾಲಾಗಿ ಇಟ್ಟಿರುವ ಊಟದ ಮನೆಗೆ ಅಲ್ಲಿ ಹಾಗೆನ್ನುತ್ತಾರೆ. ಪಟ್ಟಿ ಓದುವ ಕಷ್ಟವಿಲ್ಲ. ಕಣ್ಣಿಂದ ನೋಡಿ, ಬೆರಳು ತೋರಿಸಿದರೆ ಸಾಕು. ನಮ್ಮ ಅವರೆಗಿಂತ ಎರಡು ಪಟ್ಟು ದೊಡ್ಡದಾದ ಬಿಳಿ ಕಾಳನ್ನು ಟೊಮೆಟೊ ರಸದಲ್ಲಿ ಒಲೆಯೊಳಗೆ ಬೇಯಿಸಿದ ಗಿಗಾಂಡೆಸ್, ಆಲಿವ್ ಎಣ್ಣೆಯಲ್ಲಿ ಮೆತ್ತಗಾದ ಹುರುಳಿಕಾಯಿ, ಅಕ್ಕಿ ತುಂಬಿದ ದ್ರಾಕ್ಷಿ ಎಲೆಯ ಸುರುಳಿ, ನಿಂಬೆರಸ ಹಿಂಡಿದ ಬೆಂದ ಸೊಪ್ಪು, ಎಲ್ಲವೂ ಇದ್ದವು. ಎಲೆಯ ಸುರುಳಿಯಲ್ಲಿ ಕೈಮಾ ಇದೆಯೇ ಎಂದು ಕೇಳಿದಾಗ, ಅಡುಗೆಯಾಕೆ ‘ಯಲಂಜಿ’ ಎಂದು ಒತ್ತಿ ಹೇಳಿದರು. ಮಾಂಸವಿಲ್ಲದ್ದಕ್ಕೆ ಅದೇ ಹೆಸರು. ಅಮ್ಮ ಕಾಳನ್ನು ಎರಡು ಸಲ ಹಾಕಿಸಿಕೊಂಡರು. ಇಬ್ಬರ ಊಟಕ್ಕೂ ಸೇರಿ 17 ಯೂರೊ ಆಯಿತು. ಕೊನೆಯಲ್ಲಿ ಆಕೆ ಹಣ ತೆಗೆದುಕೊಳ್ಳದೆ ಎರಡು ತುಂಡು ಹಲ್ವ ತಂದಿಟ್ಟರು. ದಪ್ಪ ರವೆಯನ್ನು ಎಣ್ಣೆಯಲ್ಲಿ ಹುರಿದು, ಸಕ್ಕರೆ ಪಾಕ ಸುರಿದು ಮಾಡಿದ ಅದು, ಹಾಲು ತುಪ್ಪಗಳಿಲ್ಲದಿದ್ದರೂ ನಮ್ಮ ಸಜ್ಜಿಗೆಯ ಒಡಹುಟ್ಟಿನಂತಿತ್ತು. ಎಣ್ಣೆ ಒಂದು, ರವೆ ಎರಡು, ಸಕ್ಕರೆ ಮೂರು, ನೀರು ನಾಲ್ಕು ಎಂಬ ಅಳತೆಯನ್ನು ಆಕೆ ಬೆರಳೆಣಿಸಿ ಹೇಳಿದ್ದನ್ನು ಅಮ್ಮ ರಸೀದಿಯ ಹಿಂಬದಿಯಲ್ಲಿ ಬರೆದುಕೊಂಡರು. ಉಳಿದ ದಿನಗಳಲ್ಲೂ ನಮ್ಮ ಮಧ್ಯಾಹ್ನದ ಊಟ ಅಲ್ಲಿಯೇ ನಡೆಯಿತು. ಇಂತಹ ಊಟದ ಮನೆಗಳಿಗೆ ಮಧ್ಯಾಹ್ನ ಒಂದು ಗಂಟೆಗೆ ಮುಂಚೆಯೇ ಹೋಗಬೇಕು. ಮೂರರ ಹೊತ್ತಿಗೆ ಒಳ್ಳೆಯ ತಟ್ಟೆಗಳು ಬರಿದಾಗಿರುತ್ತವೆ. ಬೆಳಗಿನ ತಿಂಡಿಗೆ ಬೀದಿಯಲ್ಲಿ ಮಾರುವ, ಎಳ್ಳು ಮೆತ್ತಿದ ಬಳೆಯಾಕಾರದ ಕುಲೂರಿ ಸಾಕು. ಊರಿನ ಹೆಮ್ಮೆಯ, ತೆಳು ಪದರಗಳ ತಿಂಡಿಯಾದ ಬುಗಾಚಾದಲ್ಲಿ ಕೆನೆ ತುಂಬಿದ್ದಕ್ಕೆ ಮೊಟ್ಟೆ ಸೇರಿರಬಹುದು, ಕೈಮಾ ತುಂಬಿದ್ದೂ ಇರುತ್ತದೆ, ಕೇಳದೆ ಕೊಳ್ಳಬೇಡಿ.

ನೋಡುವುದರಲ್ಲಿ ನನ್ನ ಮೊದಲ ಆಯ್ಕೆ ರೊಟುಂಡ. ನಾಲ್ಕನೆಯ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಗಲೇರಿಯಸ್‌ನ ಕಾಲದಲ್ಲಿ ಎದ್ದ ಈ ದುಂಡು ಕಟ್ಟಡ ಚರ್ಚಾಗಿ, ಮಸೀದಿಯಾಗಿ, ಮತ್ತೆ ಚರ್ಚಾಗಿ ಬದಲಾಗಿದ್ದು, ಅದರ ಪಕ್ಕದ ಮಿನಾರು ಇಂದಿಗೂ ನಿಂತಿದೆ. ಆರು ಮೀಟರಿಗೂ ದಪ್ಪವಾದ ಗೋಡೆಗಳ ನಡುವೆ ತಲೆಯೆತ್ತಿ ಗುಮ್ಮಟದ ಚಿನ್ನದ ಬಣ್ಣದ ಮೊಸಾಯಿಕ್ ನೋಡುತ್ತ ನಾವು ಒಂದು ಗಂಟೆ ಕುಳಿತಿದ್ದೆವು. 1917ರ ಭಾರೀ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಲ್ಪಟ್ಟ ಸಂತ ದಿಮಿತ್ರಿಯಸ್‌ನ ಚರ್ಚಿಗೆ ಹಣ ಕೊಡದೆ ಹೋಗಬಹುದು. ಭುಜ, ಮೊಣಕಾಲು ಮುಚ್ಚಿರಲಿ. ಮಾರ್ಚ್ 25 ರಾಷ್ಟ್ರೀಯ ಹಬ್ಬವಾದ್ದರಿಂದ ಸ್ಮಾರಕಗಳು ಮುಚ್ಚಿರುತ್ತವೆ. ಉಪವಾಸದ ನಡುವೆ ಮೀನಿಗೆ ಅನುಮತಿಯಿರುವ ದಿನಗಳಲ್ಲಿ ಅದೂ ಒಂದಾದ್ದರಿಂದ ಊರೆಲ್ಲ ಕರಿದ ಕಾಡ್ ಮೀನಿನ ವಾಸನೆ ಹರಡಿರುತ್ತದೆ.

ಹಳೆಯ ಮೇಲೂರಾದ ಆನೊ ಪೋಲಿಗೆ ನಡೆದು ಹತ್ತಬೇಡಿ. ಬಸ್ಸಿನಲ್ಲಿ ಮೇಲಕ್ಕೆ ಹೋಗಿ, 1989ರವರೆಗೂ ಸೆರೆಮನೆಯಾಗಿದ್ದ ಎಪ್ತಪಿರ್ಗಿಯೊ ಕೋಟೆಯನ್ನು ನೋಡಿ, ನವಿಲುಗಳಿರುವ ವ್ಲಾತಾದೋನ್ ಮಠದ ಅಂಗಳದಲ್ಲಿ ದಣಿವಾರಿಸಿಕೊಂಡು ಇಳಿಯುತ್ತ ಬನ್ನಿ. ಮೊಣಕಾಲು ನೋವಿರುವವರಿಗೆ ಕಲ್ಲುಹಾಸಿನ ಆ ಇಳಿಜಾರೂ ಸುಲಭವಲ್ಲ. ಅಮ್ಮ ನಾಲ್ಕು ಕಡೆ ಕುಳಿತು ಇಳಿದರು. ಆಗಸ ತಿಳಿಯಾಗಿದ್ದರೆ ಕೊಲ್ಲಿಯ ಆಚೆ ಹಿಮ ಹೊತ್ತ ಒಲಿಂಪಸ್ ಕಾಣುತ್ತದೆ.

ಕೋಣೆಯನ್ನು ಲದಾದಿಕಾ ಭಾಗದಲ್ಲಿ ಹಿಡಿಯಬೇಡಿ. ಹಿಂದೆ ಎಣ್ಣೆ ಮಂಡಿಗಳಿದ್ದ ಆ ಓಣಿಗಳಲ್ಲಿ ಈಗ ಪಾನಗೃಹಗಳಿದ್ದು, ರಾತ್ರಿ ಮೂರರವರೆಗೆ ಸಂಗೀತ ನಿಲ್ಲುವುದಿಲ್ಲ. ದಿನಕ್ಕೆ 90 ಯೂರೊ ಕೊಟ್ಟು ನಾವು ನಿದ್ದೆ ಕಳೆದುಕೊಂಡೆವು. ಕೋಣೆ ಬಾಡಿಗೆಯ ಮೇಲೆ ರಾತ್ರಿಗಿಷ್ಟು ಎಂದು ಸರ್ಕಾರಿ ಶುಲ್ಕವೂ ಇದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅದು ಹೆಚ್ಚು.

2024ರ ನವೆಂಬರ್ 30ರಂದು ಆರಂಭವಾದ ಮೆಟ್ರೊದಲ್ಲಿ 2025ರಲ್ಲಿ ಟಿಕೆಟ್ 60 ಸೆಂಟ್ ಮಾತ್ರ ಇತ್ತು. ಅಗೆಯುವಾಗ ಸಿಕ್ಕ ಅಮೃತಶಿಲೆಯ ಹಳೆಯ ರಸ್ತೆಯನ್ನು ವೆನಿಝೆಲು ನಿಲ್ದಾಣದೊಳಗೇ ಉಳಿಸಿದ್ದಾರೆ. ಪ್ರಯಾಣವಿಲ್ಲದಿದ್ದರೂ ಇಳಿದು ನೋಡಿ. ನಾವು ಹೋದಾಗ ಮೆಟ್ರೊ ವಿಮಾನ ನಿಲ್ದಾಣವನ್ನು ತಲುಪುತ್ತಿರಲಿಲ್ಲ. ಅಲ್ಲಿಗೆ ಹೋಗುವ ಬಸ್ಸು ಊರಿನ ಮಧ್ಯಕ್ಕೆ ಬರುವಷ್ಟರಲ್ಲೇ ತುಂಬಿರುತ್ತದೆ. ಪೆಟ್ಟಿಗೆಯಿದ್ದರೆ, ವಯಸ್ಸಾದವರಿದ್ದರೆ, ಅದು ಹೊರಡುವ ತುದಿಯ ನಿಲ್ದಾಣಕ್ಕೇ ಹೋಗಿ ಹತ್ತಿ. ಅಮ್ಮನಿಗೆ ಕೂರಲು ಜಾಗ ಸಿಕ್ಕಿದ್ದು ಹಾಗೆ ಮಾಡಿದ್ದರಿಂದ.