ಅಪ್‌ಡೇಟ್ ಬೇಡ ಅಂತಲ್ಲ, ವಾಪಸ್ ಬರೋ ದಾರಿ ಕೊಡಿ

ಹಳೇ ಟ್ಯಾಬ್‌ಗೆ ದೊಡ್ಡ ಅಪ್‌ಡೇಟ್ ಬಿದ್ದ ಮೇಲೆ ಅದು ನಿಧಾನ ಆಯ್ತು ಅಂತ ಯಾರಾದರೂ ಹೇಳಿದರೆ, ದಯವಿಟ್ಟು "ನಿಮಗೆ ಹಾಗನ್ನಿಸುತ್ತೆ ಅಷ್ಟೇ" ಅನ್ನಬೇಡಿ. ಈ ಮಾತನ್ನು ಸರ್ವಿಸ್ ಸೆಂಟರ್ ಕೌಂಟರಿನಲ್ಲಿ ಕೇಳಿದ್ದೇನೆ, ಆಫೀಸಿನಲ್ಲಿ ಕೇಳಿದ್ದೇನೆ, ಮನೆ ಮಕ್ಕಳ ಬಾಯಲ್ಲೂ ಕೇಳಿದ್ದೇನೆ. ವಯಸ್ಸಾದವರು ಹೇಳಿದರಂತೂ "ನಿಮಗೆ ಬಳಸೋಕೆ ಬರಲ್ಲ" ಅಂತ ಅಲ್ಲಿಗೇ ಮುಗಿಸಿಬಿಡುತ್ತಾರೆ. ಬಳಸೋಕೆ ಅವರಿಗೆ ಚೆನ್ನಾಗೇ ಬರುತ್ತೆ. ನಿನ್ನೆವರೆಗೂ ಬಳಸಿದ್ದಾರಲ್ಲ.

ಮಲ್ಲೇಶ್ವರದಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಅವರ ಹತ್ತಿರ ಎರಡು ಜಿಬಿ ರ‍್ಯಾಮ್ ಇರುವ ಒಂದು ಆಂಡ್ರಾಯ್ಡ್ ಟ್ಯಾಬ್ ಇದೆ. ರ‍್ಯಾಮ್ ಅಂದರೆ ತೆರೆದ ಆ್ಯಪ್‌ಗಳು ಕೆಲಸ ಮಾಡುವಾಗ ಬಳಸುವ ಜಾಗ. ಬೆಳಿಗ್ಗೆ ಕಾಫಿ ಜೊತೆ ಇ-ಪೇಪರ್, ಮಧ್ಯಾಹ್ನ ವಿಡಿಯೋ ಕಾಲಲ್ಲಿ ದೇವರನಾಮದ ಕ್ಲಾಸು, ಸಂಜೆ ಮೊಮ್ಮಕ್ಕಳ ಫೋಟೋ. ಇಷ್ಟೇ ಅವರ ಬಳಕೆ. ಇಷ್ಟಕ್ಕೆ ಆ ಟ್ಯಾಬ್ ಸಾಕಾಗಿತ್ತು, ಯಾವ ತಕರಾರೂ ಇರಲಿಲ್ಲ. ಒಂದು ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದಾರೆ, ವೈಫೈ ಆನ್ ಇತ್ತು, ಅಪ್‌ಡೇಟ್ ತಾನಾಗೇ ಇಳಿದು ತಾನಾಗೇ ಕೂತುಬಿಟ್ಟಿದೆ. ಬೆಳಿಗ್ಗೆ ಎದ್ದರೆ ಐಕಾನ್‌ಗಳ ಆಕಾರ ಬೇರೆ, ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದು. ನಿಧಾನ ಆಗಿರುವುದು ಗೊತ್ತಾಗಿದ್ದು ದಿನಸಿ ಚೀಟಿ ಬರೆಯುವಾಗ.

ಅವರು ಅಂಗಡಿಗೆ ವಾಟ್ಸಾಪಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಚೀಟಿ ಕಳಿಸುತ್ತಾರೆ. ಅಕ್ಕಿ, ಬೆಲ್ಲ, ಎಣ್ಣೆ, ಉಪ್ಪು. ನೋಡಿ, ನಮ್ಮ ಅಡುಗೆಮನೆಯಲ್ಲಿ ಒತ್ತಕ್ಷರ ಇಲ್ಲದ ಸಾಮಾನೇ ಕಮ್ಮಿ. ಕನ್ನಡ ಕೀಬೋರ್ಡಿನಲ್ಲಿ ಒಂದು ಒತ್ತಕ್ಷರ ಬರಬೇಕಾದರೆ ಅಕ್ಷರ ಒತ್ತಿ, ಅದಕ್ಕೆ ಅರ್ಧಾಕ್ಷರದ ಗುರುತು ಒತ್ತಿ, ಮತ್ತೆ ಅಕ್ಷರ ಒತ್ತಬೇಕು. ಟ್ಯಾಬ್ ಚುರುಕಾಗಿದ್ದರೆ ಕಣ್ಣು ಮುಚ್ಚಿ ಮಾಡಬಹುದು. ಈಗ ಏನಾಗುತ್ತೆ ಅಂದರೆ, ಒತ್ತಿದ್ದು ಪರದೆ ಮೇಲೆ ಕಾಣಿಸುವುದಿಲ್ಲ, ಬಿದ್ದಿಲ್ಲ ಅಂದುಕೊಂಡು ಇನ್ನೊಂದು ಸಲ ಒತ್ತುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಬಂದು ಬೀಳುತ್ತೆ, ಕೆಲವು ಸಲ ನಡುವಿನ ಗುರುತೇ ನಾಪತ್ತೆ. ಅಂಗಡಿಯವರಿಗೆ ಹೋಗಿದ್ದು "ಬೆಲಲ, ಎಣಣೆ, ಉಪಪು". ನಾನು ಪಕ್ಕದಲ್ಲೇ ಕೂತು ನೋಡಿದೆ. ಅವರ ಬೆರಳು ಸರಿಯಾದ ಜಾಗಕ್ಕೇ ಹೋಗುತ್ತಿತ್ತು. "ನಂಗೇನೋ ಆಗಿದೆ ಕಣೋ, ಕೈ ನಡುಗ್ತಿದೆಯೇನೋ" ಅಂದರು. ಕೈ ನಡುಗುತ್ತಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅಲ್ಲೇ. ಒಂದು ಯಂತ್ರ ತಡವರಿಸುತ್ತೆ, ಅದನ್ನು ಬಳಸುವ ಎಪ್ಪತ್ತು ದಾಟಿದ ಮನುಷ್ಯರು ತಮ್ಮ ಕೈಯನ್ನೇ ಅನುಮಾನಿಸುತ್ತಾರೆ. ಇದು ಅನ್ಯಾಯ ಅಲ್ವಾ?

ಇನ್ನು ನಿಧಾನ ಯಾಕಾಗುತ್ತೆ ಅನ್ನುವುದಕ್ಕೆ ಬರೋಣ. ಅಪ್‌ಡೇಟ್ ಆದ ಮೊದಲ ಒಂದೆರಡು ದಿನ ನಿಧಾನ ಇದ್ದರೆ ಗಾಬರಿ ಆಗಬೇಡಿ. ಹೊಸ ಸಿಸ್ಟಮ್ ಹಿಂದುಗಡೆ ಆ್ಯಪ್‌ಗಳನ್ನೆಲ್ಲ ಮತ್ತೆ ಹೊಂದಿಸಿಕೊಳ್ಳುತ್ತಾ ಇರುತ್ತೆ, ಫೋಟೋಗಳ ಪಟ್ಟಿ ಮತ್ತೆ ಮಾಡುತ್ತಾ ಇರುತ್ತೆ. ಚಾರ್ಜಿಗೆ ಹಾಕಿ ಬಿಟ್ಟರೆ ಅದು ಮುಗಿಯುತ್ತೆ. ವಾರ ಕಳೆದರೂ ಹಾಗೇ ಇದ್ದರೆ ಸಾಮಾನ್ಯವಾಗಿ ಕಾರಣ ರ‍್ಯಾಮ್ ಅಥವಾ ಸ್ಟೋರೇಜ್. ಹೊಸ ಸಿಸ್ಟಮ್ ಬರೆಯುವವರ ಮುಂದೆ ಇರುವುದು ಹೊಸ ಟ್ಯಾಬ್‌ಗಳು. ಎರಡು ಜಿಬಿ ರ‍್ಯಾಮಿನಲ್ಲಿ ಸಿಸ್ಟಮ್ಮೇ ದೊಡ್ಡ ಪಾಲು ತಿಂದರೆ ಆ್ಯಪ್‌ಗಳಿಗೆ ಉಳಿಯುವುದು ಎಷ್ಟು? ಒಂದು ಆ್ಯಪಿಗೆ ಜಾಗ ಮಾಡಿಕೊಡಲು ಇನ್ನೊಂದನ್ನು ಮುಚ್ಚಬೇಕಾಗುತ್ತೆ. ಇ-ಪೇಪರ್ ಓದುತ್ತಾ ಇದ್ದವರು ಒಂದು ನಿಮಿಷ ವಾಟ್ಸಾಪಿಗೆ ಹೋಗಿ ಬಂದರೆ ಪೇಪರ್ ಮತ್ತೆ ಮೊದಲ ಪುಟದಿಂದ ಲೋಡ್ ಆಗುವುದು ಇದಕ್ಕೇ. ಒಂದು ರೂಮಿನ ಮನೆಗೆ ಕಲ್ಯಾಣ ಮಂಟಪದ ಸಾಮಾನು ತಂದು ಇಳಿಸಿದ ಹಾಗೆ, ಏನು ಬೇಕಾದರೂ ಮೊದಲು ಇನ್ನೇನನ್ನೋ ಹೊರಗಿಡಬೇಕು.

ಇದು ಇವತ್ತಿನ ಕಥೆಯೂ ಅಲ್ಲ. 2012ರ ನೆಕ್ಸಸ್ 7 ನೆನಪಿದೆಯಾ? ಗೂಗಲ್ ಹೆಸರಿನಲ್ಲಿ ಬಂದ ಏಳು ಇಂಚಿನ ಟ್ಯಾಬ್, ಒಂದು ಜಿಬಿ ರ‍್ಯಾಮ್, ಅಮೆರಿಕದಲ್ಲಿ 199 ಡಾಲರಿಗೆ ಶುರು. ಬಂದಾಗ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಕೆಲವು ತಿಂಗಳಾದ ಮೇಲೆ ಸ್ಟೋರೇಜ್ ತುಂಬುತ್ತಾ ಹೋದ ಹಾಗೆ ಅದು ತೆವಳೋಕೆ ಶುರುವಾಯಿತು. ಫ್ಲಾಶ್ ಮೆಮೊರಿಯಲ್ಲಿ ನಾವು ಅಳಿಸಿದ ಜಾಗ ನಿಜವಾಗಿ ಖಾಲಿ ಇದೆ ಅಂತ ಚಿಪ್ಪಿಗೆ ತಿಳಿಸುವ ಒಂದು ಕೆಲಸ ಇದೆ, ಟ್ರಿಮ್ ಅಂತಾರೆ. ಅದು ಆಗದಿದ್ದರೆ ಹೊಸದಾಗಿ ಬರೆಯುವುದು ನಿಧಾನ ಆಗುತ್ತಾ ಹೋಗುತ್ತೆ. 2013ರಲ್ಲಿ ಆಂಡ್ರಾಯ್ಡ್ 4.3 ಈ ಟ್ರಿಮ್ ಅನ್ನು ತಂದಿತು, ಟ್ಯಾಬ್‌ಗೆ ಮತ್ತೆ ಜೀವ ಬಂತು. ಅಂದರೆ ಒಂದು ಅಪ್‌ಡೇಟ್ ಅದನ್ನು ಉಳಿಸಿತು. ಆಮೇಲೆ 2014ರ ಕೊನೆಗೆ ಲಾಲಿಪಾಪ್, ಅಂದರೆ ಆಂಡ್ರಾಯ್ಡ್ 5.0, ಬಂದು ಅದೇ ಟ್ಯಾಬನ್ನು ಮತ್ತೆ ನೆಲಕ್ಕೆ ಕೆಡವಿತು. ಒಂದು ಸಮಾಧಾನ ಏನಿತ್ತು ಅಂದರೆ ಹಳೇ ಆಂಡ್ರಾಯ್ಡ್ 4.4ರ ಫೈಲುಗಳನ್ನು ಗೂಗಲ್ ತನ್ನ ಸೈಟಿನಲ್ಲೇ ಇಟ್ಟಿತ್ತು. ಲ್ಯಾಪ್‌ಟಾಪ್, ಕೇಬಲ್, ಸ್ವಲ್ಪ ಧೈರ್ಯ ಇದ್ದವರು ವಾಪಸ್ ಹೋದರು. ಎಲ್ಲರಿಗೂ ಆಗುವ ಕೆಲಸ ಅಲ್ಲ ಅದು, ಆದರೂ ದಾರಿ ಅಂತ ಒಂದು ಇತ್ತು.

ಐಪ್ಯಾಡ್ 2 ಕಥೆಯಲ್ಲಿ ಆ ದಾರಿಯೂ ಇಲ್ಲ. 2011ರಲ್ಲಿ 512 ಎಂಬಿ ರ‍್ಯಾಮಿನೊಂದಿಗೆ, ಆ್ಯಪಲ್‌ನ ಸಿಸ್ಟಮ್ ಐಒಎಸ್ 4.3 ಹಾಕಿಕೊಂಡು ಬಂದ ಟ್ಯಾಬ್ ಅದು. 2015ರ ಐಒಎಸ್ 9ರವರೆಗೂ ಅದಕ್ಕೆ ಅಪ್‌ಡೇಟ್ ಕೊಟ್ಟರು. ಇಷ್ಟು ವರ್ಷ ಕೊಟ್ಟರಲ್ಲ ಅಂತ ಮೆಚ್ಚಬೇಕಾದ ವಿಷಯವೇ, ಆದರೆ ಕೊನೆಕೊನೆಗೆ ಕೀಬೋರ್ಡ್ ಏಳುವುದಕ್ಕೂ ಕಾಯಬೇಕಿತ್ತು. ಹಳೇ ಐಒಎಸ್ ಹಾಕಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಹೊಸದು ಬಂದ ಸ್ವಲ್ಪ ದಿನಕ್ಕೆ ಹಳೆಯದಕ್ಕೆ ಸಹಿ ಹಾಕುವುದನ್ನು, ಅಂದರೆ ಹಾಕಿಕೊಳ್ಳಬಹುದು ಅಂತ ಒಪ್ಪಿಗೆ ಕೊಡುವುದನ್ನು, ಆ್ಯಪಲ್ ಸರ್ವರ್ ನಿಲ್ಲಿಸುತ್ತೆ, ಸಹಿ ಇಲ್ಲದಿದ್ದರೆ ಟ್ಯಾಬ್ ಅದನ್ನು ಒಳಗೇ ಬಿಟ್ಟುಕೊಳ್ಳಲ್ಲ. ದುಡ್ಡು ಕೊಟ್ಟು ಕೊಂಡವರು ನಾವು, ಯಾವ ಸಿಸ್ಟಮ್ ಇರಬೇಕು ಅಂತ ತೀರ್ಮಾನ ಮಾಡುವುದು ಸಾವಿರಾರು ಮೈಲಿ ದೂರದ ಸರ್ವರ್.

ಹಾಗಂತ ಹೊಸ ಸಿಸ್ಟಮ್ ಬಂದರೆ ಹಳೇ ಸಾಮಾನು ನಿಧಾನ ಆಗಲೇಬೇಕು ಅಂತ ಏನೂ ಇಲ್ಲ. ಇದನ್ನು ನಾನು ಒತ್ತಿ ಹೇಳಬೇಕು. 2018ರಲ್ಲಿ ಆ್ಯಪಲ್ ಐಒಎಸ್ 12 ಬಿಟ್ಟಾಗ, ಹಳೇ ಸಾಧನಗಳನ್ನು ಚುರುಕು ಮಾಡುವುದೇ ಈ ಸಲದ ಮುಖ್ಯ ಕೆಲಸ ಅಂತ ವೇದಿಕೆ ಮೇಲೇ ಹೇಳಿತು. ಐಫೋನ್ 6 ಪ್ಲಸ್‌ನಲ್ಲಿ ಆ್ಯಪ್ ತೆರೆಯುವುದು ಶೇ. 40ರವರೆಗೆ, ಕೀಬೋರ್ಡ್ ಏಳುವುದು ಶೇ. 50ರವರೆಗೆ ಬೇಗ ಆಗುತ್ತೆ ಅಂತ ಲೆಕ್ಕ ಕೊಟ್ಟಿತು. 2013ರ ಐಪ್ಯಾಡ್ ಏರ್‌ಗೂ ಅದೇ ಅಪ್‌ಡೇಟ್ ಸಿಕ್ಕಿತು. ಮನಸ್ಸು ಮಾಡಿದರೆ ಆಗುತ್ತೆ ಅಂತ ಅವರೇ ತೋರಿಸಿಕೊಟ್ಟರು. ಆಗಲ್ಲ ಅನ್ನುವ ಮಾತನ್ನು ಆಮೇಲೆ ನಾನು ನಂಬುವುದನ್ನು ಬಿಟ್ಟೆ.

"ಹಾಗಾದರೆ ಅಪ್‌ಡೇಟೇ ಮಾಡಬೇಡಿ" ಅಂತ ಸಲಹೆ ಕೊಡುವವರು ಇದ್ದಾರೆ. ಅದನ್ನು ನಾನು ಒಪ್ಪಲ್ಲ. ದೊಡ್ಡಮ್ಮನ ಟ್ಯಾಬಿನಲ್ಲಿ ಬ್ಯಾಂಕಿನ ಆ್ಯಪ್ ಇದೆ. ಸೆಕ್ಯುರಿಟಿ ತೂತುಗಳನ್ನು ಮುಚ್ಚದೆ ಬಿಟ್ಟರೆ ಆಗುವ ನಷ್ಟ ನಿಧಾನಕ್ಕಿಂತ ದೊಡ್ಡದು. ಹಳೆಯದರಲ್ಲೇ ನಿಂತುಬಿಟ್ಟರೆ ಬೇರೆ ತೊಂದರೆಗಳೂ ಇವೆ. 2021ರ ಸೆಪ್ಟೆಂಬರ್ 30ಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ (ಸೈಟುಗಳಿಗೆ ಗುರುತಿನ ಸರ್ಟಿಫಿಕೇಟ್ ಕೊಡುವುದು ಅದರ ಕೆಲಸ) ಬಳಸುತ್ತಿದ್ದ, ಆ ಸರ್ಟಿಫಿಕೇಟ್‌ಗಳನ್ನು ನಂಬಲು ಆಧಾರವಾದ ಒಂದು ಹಳೇ ರೂಟ್ ಸರ್ಟಿಫಿಕೇಟ್ ಅವಧಿ ಮುಗಿಯಿತು, ಐಒಎಸ್ 9ರಲ್ಲೇ ಉಳಿದಿದ್ದ ಐಪ್ಯಾಡ್‌ಗಳಲ್ಲಿ ಎಷ್ಟೋ ಸೈಟುಗಳು "ಈ ಸಂಪರ್ಕ ಸುರಕ್ಷಿತವಲ್ಲ" ಅಂತ ಹೇಳಿ ತೆರೆಯಲೇ ಇಲ್ಲ. ಟ್ಯಾಬ್ ಚೆನ್ನಾಗಿದೆ, ಇಂಟರ್ನೆಟ್ ಚೆನ್ನಾಗಿದೆ, ಪುಟ ಮಾತ್ರ ಬರಲ್ಲ.

ಹಾಗಾಗಿ ನನ್ನ ಬೇಡಿಕೆ ಎರಡೇ. ಸೆಕ್ಯುರಿಟಿ ಬೇರೆ, ಹೊಸ ಅಲಂಕಾರ ಬೇರೆ ಮಾಡಿ ಕೊಡಿ. ಮತ್ತೆ, ದೊಡ್ಡ ಅಪ್‌ಡೇಟ್ ಹಾಕಿದ ಮೇಲೆ ಒಂದು ತಿಂಗಳಾದರೂ ವಾಪಸ್ ಹೋಗೋಕೆ ಒಂದು ಬಟನ್ ಕೊಡಿ. ಮೊದಲನೆಯದು ಹೊಸ ಕನಸೇನಲ್ಲ. ಗೂಗಲ್ 2015ರ ಆಗಸ್ಟಿನಿಂದ ಸೆಕ್ಯುರಿಟಿ ಪ್ಯಾಚ್‌ಗಳನ್ನು, ಅಂದರೆ ತೂತು ಮುಚ್ಚುವ ತೇಪೆಗಳನ್ನು, ತಿಂಗಳು ತಿಂಗಳು ಬೇರೆಯಾಗೇ ಬಿಡುತ್ತಿದೆ. 2019ರ ಆಂಡ್ರಾಯ್ಡ್ 10ರಿಂದ ಸಿಸ್ಟಮ್ಮಿನ ಕೆಲವು ಭಾಗಗಳನ್ನು ಪ್ಲೇ ಸ್ಟೋರ್ ಮೂಲಕವೇ ಸರಿಮಾಡುವ ವ್ಯವಸ್ಥೆಯೂ ಬಂದಿದೆ. ಬೇರೆ ಮಾಡೋಕೆ ಬರುತ್ತೆ ಅಂತಾಯ್ತು.

ಎರಡನೆಯದಕ್ಕೆ ಕಂಪನಿಗಳು ಕೊಡುವ ಉತ್ತರ ಗೊತ್ತು. ಹಳೇ ಸಿಸ್ಟಮ್ಮಿಗೆ ಹೋಗಲು ಬಿಟ್ಟರೆ ಅದರಲ್ಲಿದ್ದ ತೂತುಗಳೂ ವಾಪಸ್ ಬರುತ್ತವೆ, ಟ್ಯಾಬ್ ಕದ್ದವರು ಅದನ್ನೇ ಬಳಸಿಕೊಳ್ಳಬಹುದು. ಇದು ಸುಳ್ಳಲ್ಲ. ಆದರೆ ಹಳೇ ಆವೃತ್ತಿಗೂ ಪ್ಯಾಚ್ ಹಾಕಿ, ಮಾಲೀಕರ ಪಾಸ್‌ವರ್ಡ್ ಕೇಳಿ, ಆಮೇಲೆ ಬಿಡಬಹುದಲ್ಲ? 2018ರ ಅಕ್ಟೋಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ ಒಂದು ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿತು. ಅದು ಫೋನುಗಳ ವಿಷಯ, ಟ್ಯಾಬ್‌ಗಳದ್ದಲ್ಲ. ಆದರೆ ಅಲ್ಲಿ ಹೇಳಿದ ಕಾರಣ ನೋಡಿ: ಅಪ್‌ಡೇಟಿನಿಂದ ಏನಾಗುತ್ತೆ ಅಂತ ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ, ಮೊದಲಿನ ಸ್ಥಿತಿಗೆ ಹೋಗುವ ದಾರಿಯನ್ನೂ ಕೊಡಲಿಲ್ಲ. ನಾನು ಕೇಳುತ್ತಿರುವುದೂ ಅದನ್ನೇ. ಯುರೋಪಿನಲ್ಲಿ 2025ರ ಜೂನ್ 20ರಿಂದ ಫೋನ್, ಟ್ಯಾಬ್‌ಗಳಿಗೆ ಹೊಸ ನಿಯಮಗಳೂ ಬಂದಿವೆ, ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು ಅನ್ನುವುದು ಅದರಲ್ಲಿ ಒಂದು. ಒಳ್ಳೆಯದೇ. ಆದರೆ ಎಷ್ಟು ವರ್ಷ ಅನ್ನುವುದರ ಜೊತೆಗೆ ಟ್ಯಾಬ್ ಬಳಸೋ ಹಾಗೆ ಇರುತ್ತಾ ಅನ್ನುವುದನ್ನೂ ಕೇಳಬೇಕು.

ದೊಡ್ಡಮ್ಮನ ಟ್ಯಾಬನ್ನು ಎಸ್‌.ಪಿ. ರೋಡಿಗೂ ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಒಂದು ಮಹಡಿ ಮೇಲಿನ ಪುಟ್ಟ ಅಂಗಡಿ, ಮೇಜಿನ ಮೇಲೆ ಬಿಚ್ಚಿಟ್ಟ ಟ್ಯಾಬ್‌ಗಳ ಸಾಲು. ಅಂಗಡಿಯವರು ಐದು ನಿಮಿಷ ಒತ್ತಿ ನೋಡಿ ಹೇಳಿದರು: "ಸಾರ್, ಡಿಸ್‌ಪ್ಲೇ ಹೋಗಿದ್ರೆ ಹಾಕ್ಕೊಡ್ತೀನಿ, ಬ್ಯಾಟರಿ ಹೋಗಿದ್ರೆ ಹಾಕ್ಕೊಡ್ತೀನಿ. ಇದ್ರಲ್ಲಿ ಏನೂ ಹೋಗಿಲ್ಲ. ಸಾಫ್ಟ್‌ವೇರ್ ಹಿಂದಕ್ಕೆ ಹೋಗೋಕೆ ಕಂಪನಿ ಬಿಡಲ್ಲ, ನಾನೇನ್ ಮಾಡ್ಲಿ?" ದುಡ್ಡೂ ತೆಗೆದುಕೊಳ್ಳಲಿಲ್ಲ. ಬೆಸುಗೆ ಹಾಕಿ ಸತ್ತ ಬೋರ್ಡನ್ನು ಎಬ್ಬಿಸುವ ಕೈ ಇರುವ ಮನುಷ್ಯ, ಚೆನ್ನಾಗಿರುವ ಟ್ಯಾಬನ್ನು ನಿನ್ನೆ ಇದ್ದ ಹಾಗೆ ಮಾಡಿಕೊಡಲು ಆಗದೆ ವಾಪಸ್ ಕೊಟ್ಟರು.

ಕೊನೆಗೆ ನಾವೇ ಏನೇನು ಆಗುತ್ತೋ ಮಾಡಿದೆವು. ಹಳೇ ವಿಡಿಯೋಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ ಸ್ಟೋರೇಜ್ ಖಾಲಿ ಮಾಡಿದ್ದು ನಿಜಕ್ಕೂ ಕೆಲಸಕ್ಕೆ ಬಂತು. ತುಂಬಿ ತುಳುಕುವ ಸ್ಟೋರೇಜ್ ಯಾವ ಟ್ಯಾಬನ್ನೂ ಕೂರಿಸಿಬಿಡುತ್ತೆ, ಐದನೇ ಒಂದು ಭಾಗ ಖಾಲಿ ಇರಲಿ. ಫೇಸ್‌ಬುಕ್ ಆ್ಯಪ್ ತೆಗೆದು ಬ್ರೌಸರಿನಲ್ಲೇ ನೋಡುವ ಹಾಗೆ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತೆ, ಅಲ್ಲಿ ಅನಿಮೇಷನ್ ಸ್ಕೇಲ್ ಅಂತ ಮೂರು ಇವೆ, ಮೂರನ್ನೂ ಆಫ್ ಮಾಡಿ. ರ‍್ಯಾಮ್ ಏನೂ ಜಾಸ್ತಿ ಆಗಲ್ಲ, ಆದರೆ ಸುಮ್ನೆ ಕಾಯೋದು ಕಮ್ಮಿ ಆಗುತ್ತೆ. ತಾನಾಗೇ ಸಿಸ್ಟಮ್ ಅಪ್‌ಡೇಟ್ ಆಗುವುದನ್ನು ನಿಲ್ಲಿಸುವ ಸ್ವಿಚ್ ಕೂಡ ಅನೇಕ ಟ್ಯಾಬ್‌ಗಳಲ್ಲಿ ಅಲ್ಲೇ ಇರುತ್ತೆ. ಐಪ್ಯಾಡ್ ಇರುವವರಿಗೆ ಅದು ಜನರಲ್ ಒಳಗೆ ಸಾಫ್ಟ್‌ವೇರ್ ಅಪ್‌ಡೇಟ್ ಅನ್ನುವಲ್ಲಿ, ಅನಿಮೇಷನ್ ಕಮ್ಮಿ ಮಾಡುವುದು ಆಕ್ಸೆಸಿಬಿಲಿಟಿ ಒಳಗೆ. ಫ್ಯಾಕ್ಟರಿ ರೀಸೆಟ್ ಬಗ್ಗೆ ಒಂದು ಮಾತು: ಅದು ಟ್ಯಾಬನ್ನು ಹಳೇ ಆವೃತ್ತಿಗೆ ಕರೆದುಕೊಂಡು ಹೋಗಲ್ಲ. ಇದೇ ಹೊಸ ಸಿಸ್ಟಮ್ಮನ್ನು ಖಾಲಿ ಮಾಡಿ ಕೊಡುತ್ತೆ ಅಷ್ಟೇ. ಗೊತ್ತಿಲ್ಲದೆ ಮಾಡಿ ಫೋಟೋ ಕಳೆದುಕೊಂಡವರು ಬೇಕಾದಷ್ಟು ಜನ.

ಈಗ ಇ-ಪೇಪರ್ ಪರವಾಗಿಲ್ಲ, ಕ್ಲಾಸ್ ನಡೆಯುತ್ತೆ. ಟೈಪಿಂಗ್ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ. ದೊಡ್ಡಮ್ಮ ದಿನಸಿ ಚೀಟಿಯನ್ನು ವಾಯ್ಸ್ ಮೆಸೇಜಿನಲ್ಲಿ ಹೇಳುತ್ತಾರೆ. ಎಪ್ಪತ್ತರ ಹತ್ತಿರ ಬಂದಾಗ ಹಟ ಹಿಡಿದು ಕನ್ನಡ ಟೈಪಿಂಗ್ ಕಲಿತವರು ಅವರು, ಅದಕ್ಕೇ ನನಗೆ ಇಷ್ಟು ಬೇಜಾರು. "ಹೊಸದು ತಗೊಂಡುಬಿಡಿ" ಅಂತ ನೆಂಟರೆಲ್ಲ ಹೇಳುತ್ತಾರೆ. ಕೆಟ್ಟಿಲ್ಲದ ಸಾಮಾನನ್ನು ಯಾಕೆ ಎಸೆಯಬೇಕು ಅಂತ ಅವರು ಕೇಳುತ್ತಾರೆ, ಅವರು ಕೇಳುವುದೇ ಸರಿ.

ನಮ್ಮಲ್ಲೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ (ರಿಪೇರಿ ಮಾಡಿಸಿಕೊಳ್ಳುವ ಹಕ್ಕು) ಪೋರ್ಟಲ್ ಶುರು ಮಾಡಿದೆ. ಬಿಡಿಭಾಗ, ಮ್ಯಾನ್ಯುಯಲ್, ವಾರಂಟಿ ವಿಷಯ ಅಲ್ಲಿದೆ. ಹಳೇ ಸಾಫ್ಟ್‌ವೇರನ್ನೂ ಬಿಡಿಭಾಗ ಅಂತಲೇ ಲೆಕ್ಕ ಹಾಕಬೇಕು ಅನ್ನುವುದು ನನ್ನ ವಾದ. ಇದನ್ನು ನಾವು ಕೇಳದೆ ಯಾರೂ ತಾವಾಗೇ ಕೊಡಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಆದರೆ "ಟ್ಯಾಬ್ ಸ್ಲೋ ಆಗಿದೆ" ಅಂತಷ್ಟೇ ಹೇಳಿದರೆ ಅಲ್ಲಿಗೇ ನಿಲ್ಲುತ್ತೆ. ಮಾಡೆಲ್ ನಂಬರ್, ಕೊಂಡ ಬಿಲ್, ಮೊದಲು ಯಾವ ಆವೃತ್ತಿ ಇತ್ತು, ಈಗ ಯಾವುದಿದೆ, ಅಪ್‌ಡೇಟ್ ಆದ ತಾರೀಖು, ಇವಿಷ್ಟೂ ಇರಲಿ. ಇವೆಲ್ಲಕ್ಕಿಂತ ಗಟ್ಟಿ ಸಾಕ್ಷಿ ವಿಡಿಯೋ. ಮುಂದಿನ ಸಲ ಅಪ್‌ಡೇಟ್ ಬಂದಿದೆ ಅಂತ ನೋಟಿಫಿಕೇಷನ್ ಕಂಡಾಗ, ಒತ್ತುವ ಮೊದಲು ಇನ್ನೊಂದು ಫೋನಿನಲ್ಲಿ ಟ್ಯಾಬನ್ನು ಒಂದು ನಿಮಿಷ ಶೂಟ್ ಮಾಡಿಟ್ಟುಕೊಳ್ಳಿ: ವಾಟ್ಸಾಪ್ ತೆರೆಯೋದು, ಕನ್ನಡದಲ್ಲಿ ನಾಲ್ಕು ಪದ ಟೈಪ್ ಮಾಡೋದು, ಪೇಪರಿನ ಒಂದು ಪುಟ ತಿರುಗಿಸೋದು. ಆಮೇಲೆ ಅದೇ ಕೆಲಸಗಳನ್ನು ಅಪ್‌ಡೇಟ್ ಆದ ಮೇಲೆ ಇನ್ನೊಂದು ಸಲ ಶೂಟ್ ಮಾಡಿ, ಎರಡನ್ನೂ ದೂರಿನ ಜೊತೆ ಕಳಿಸಿ.